ಐರ್ಲೆಂಡಿನ ಬಟಾಟೆ, ನಮ್ಮ ತೋಟದ ಅಡಿಕೆ

ಕಳೆದ ಜುಲೈ ತಿಂಗಳ ಒಂದು ಸಂಜೆ. ಹೊರಗೆ ಧೋ ಎಂದು ಮಳೆ. ಕರೆಂಟ್ ಹೋಗಿ ಎರಡು ಗಂಟೆ ದಾಟಿತ್ತು. ಇನ್ವರ್ಟರಿನ ಒಂದೇ ಬಲ್ಬಿನ ಕೆಳಗೆ, ಜಗಲಿಯಲ್ಲಿ, ಮಗಳು ಇಂಗ್ಲಿಷ್ ಓದುತ್ತಾ ಕೂತಿದ್ದಳು. ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಟ್ಯೂಷನ್ನಿನಲ್ಲಿ ಕೊಟ್ಟ ಒಂದು ಹಾಳೆ ಕೈಯಲ್ಲಿತ್ತು. ಮೇಲೆ ಒಂದು ಪುಟದ ಬರಹ, ಕೆಳಗೆ ಹತ್ತು ಪ್ರಶ್ನೆ. ಇದಕ್ಕೆ ಕಾಂಪ್ರಿಹೆನ್ಶನ್ ಎಂದು ಹೆಸರು. ಓದಿ ಅರ್ಥ ಮಾಡಿಕೊಳ್ಳುವುದು ಎಂದು ಲೆಕ್ಕ. ಅವಳು ಓದುತ್ತಿದ್ದಳು. ಅರ್ಥ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ.

"ಅಮ್ಮಾ, ಬ್ಲೈಟ್ ಅಂದ್ರೆ ಎಂತ?"

"ಮೊಬೈಲಲ್ಲಿ ನೋಡು," ಎಂದೆ. ನಾನು ಮರುದಿನದ ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ.

ನೋಡಿದಳು. 'ಒಂದು ಬಗೆಯ ಸಸ್ಯರೋಗ' ಎಂದಿತ್ತಂತೆ. ಹಾಳೆಯ ಮೂಲೆಯಲ್ಲಿ ಬರೆದುಕೊಂಡಳು. ಮತ್ತೆ ಅದೇ ಸಾಲನ್ನು ಮೂರು ಸಲ ಓದಿದಳು. ಮುಖ ಇದ್ದ ಹಾಗೇ ಇತ್ತು.

ಆ ಕಡೆ ಮಾವ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಮಾವನಿಗೆ ಎಪ್ಪತ್ತಾರು. ಶಾಲೆಗೆ ಹೋದದ್ದು ಆರನೆಯವರೆಗೆ. "ಎಂತ ಓದುವುದು ಮಗಾ ನೀನು, ನನಗೂ ಹೇಳು," ಎಂದರು. (ನಮ್ಮ ಮನೆಮಾತು ಹವ್ಯಕ ಕನ್ನಡ. ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.)

ಅವಳು ಸಾಲು ಸಾಲಾಗಿ, ತಡವರಿಸುತ್ತಾ, ಕನ್ನಡದಲ್ಲಿ ಹೇಳಿದಳು. ಐರ್ಲೆಂಡ್ ಎಂಬ ದೇಶ. 1845ನೇ ಇಸವಿ. ಬಡವರಿಗೆ ಬಟಾಟೆಯೇ ಊಟ. ಆ ವರ್ಷ ಬಟಾಟೆ ಗಿಡದ ಎಲೆ ಕಪ್ಪಾಯಿತು. ನೆಲದೊಳಗೆ ಗಡ್ಡೆ ಕೊಳೆತು ನಾರಿತು.

ಮಾವ ಅಡಕತ್ತರಿ ಕೆಳಗಿಟ್ಟರು. "ಆ ವರ್ಷ ಮಳೆ ಹೇಗಿತ್ತು ಅಂತ ಬರೆದಿದ್ದಾರಾ?"

ಅವಳು ಹಾಳೆಯಲ್ಲಿ ಹುಡುಕಿದಳು. ತಂಪು, ಒದ್ದೆ ಹವೆ ಎಂದಿತ್ತು.

"ಹಾಗಾದರೆ ಅದು ಕೊಳೆರೋಗ. ಬೇರೆಂತ?"

ಮಗಳು ಹಾಳೆಯನ್ನೇ ನೋಡಿದಳು. ಆಮೇಲೆ ಮೇಲಿನಿಂದ ಮತ್ತೊಮ್ಮೆ ಓದತೊಡಗಿದಳು. ಈ ಸಲ ನಿಲ್ಲಲಿಲ್ಲ. ಕೊಳೆರೋಗ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಬೆಳಗ್ಗೆ ಎದ್ದು ತೋಟಕ್ಕೆ ಹೋದರೆ ಮರದ ಬುಡದಲ್ಲಿ ಎಳೆ ಅಡಿಕೆ ಉದುರಿ ಬಿದ್ದಿರುತ್ತದೆ. ತೊಟ್ಟಿನ ಹತ್ತಿರ ನೀರು ಹಿಡಿದ ಕಲೆ. ಎರಡು ದಿನ ಬಿಟ್ಟರೆ ಮೇಲೆ ಬಿಳಿ ಹತ್ತಿಯ ಹಾಗೆ ಬೂಸಲು. ಅಂಥ ವರ್ಷ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅಂಗಡಿ ಸಾಲ, ಸೊಸೈಟಿ ಸಾಲ, ಮುಂದಕ್ಕೆ ಹೋದ ಮದುವೆ, ಎಲ್ಲ ಆ ಬೂಸಲಿನಲ್ಲೇ ಇದೆ. ಪ್ರಶ್ನೆಯ ಹಾಳೆಯಲ್ಲಿದ್ದ 'ಜನ ಊರು ಬಿಟ್ಟು ಹೋಗಲು ಕಾರಣವೇನು' ಎಂಬ ಪ್ರಶ್ನೆಗೆ ಅವಳು ಉತ್ತರ ಬರೆಯುವಾಗ ಪಾಠದ ಕಡೆ ನೋಡಲೂ ಇಲ್ಲ.

ಮಾವ ಹೇಳಿದ್ದು ಎಷ್ಟು ಸರಿ ಎಂದು ಆಮೇಲೆ ನಾನು ಹುಡುಕಿದೆ. ಅಂದಾಜಿಗೆ ಹೇಳಿದ ಮಾತು ಅಲ್ಲವೇ ಅಲ್ಲ ಅದು. ಐರ್ಲೆಂಡಿನ ಬಟಾಟೆಯನ್ನು ಕೊಳೆಸಿದ ಜೀವಿಯೂ ನಮ್ಮ ಅಡಿಕೆಯನ್ನು ಕೊಳೆಸುವ ಜೀವಿಯೂ ಒಂದೇ ಕುಲದವು. ಕುಲದ ಹೆಸರು ಫೈಟಾಫ್ತೊರಾ. 1876ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಇಟ್ಟ ಹೆಸರು. ಗ್ರೀಕಿನಲ್ಲಿ ಫೈಟಾನ್ ಎಂದರೆ ಗಿಡ, ಫ್ತೊರಾ ಎಂದರೆ ನಾಶ. ನೋಡಲು ಶಿಲೀಂಧ್ರದ ಹಾಗಿದ್ದರೂ ಇದು ಶಿಲೀಂಧ್ರ ಅಲ್ಲವಂತೆ. ಕಡಲಿನ ಕಂದು ಪಾಚಿಗಳಿಗೆ ಹತ್ತಿರದ ನೆಂಟ. ಇದರ ಬೀಜಕಣಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜುತ್ತವೆ. ಎಲೆಯ ಮೇಲೆ, ಕಾಯಿಯ ಮೇಲೆ ತೆಳ್ಳಗೆ ನೀರು ನಿಂತರೆ ಸಾಕು. 'ಮಳೆ ಬಿಸಿಲು ಕಣ್ಣಾಮುಚ್ಚಾಲೆ ಆಡಿದರೆ ಕೊಳೆ ಗ್ಯಾರಂಟಿ' ಎಂದು ಮಾವ ಪ್ರತಿ ವರ್ಷ ಹೇಳುವ ಮಾತಿನ ಒಳಗೆ ಇಷ್ಟೆಲ್ಲ ಇತ್ತು.

ನನಗೆ ಆ ರಾತ್ರಿ ನಿದ್ದೆ ಬೇಗ ಹತ್ತಲಿಲ್ಲ. ನಮಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡದ್ದು ನಿಜಕ್ಕೂ ಏನು ಬಾರದೆ ಇದ್ದದ್ದು, ಎಂದು ಯೋಚನೆ.

ನಾನು ಕಲಿತದ್ದೂ ಕನ್ನಡ ಮೀಡಿಯಂನಲ್ಲೇ. ತವರು ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಒಂದು ಮೂಲೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಓದುವುದು ಎಂದರೆ ಎದ್ದು ನಿಂತು ಗಟ್ಟಿಯಾಗಿ ಓದುವುದು. ತಪ್ಪಿದರೆ ಇಡೀ ಕ್ಲಾಸಿನ ನಗು. ನಗುವಿಗೆ ಮೊದಲ ಸ್ವರ ಹಿಡಿಯುತ್ತಿದ್ದವರು ಮೇಷ್ಟ್ರೇ. ಒಮ್ಮೆ ಐಲ್ಯಾಂಡ್ ಎಂಬುದನ್ನು ಬರೆದ ಹಾಗೇ 'ಇಸ್‌ಲ್ಯಾಂಡ್' ಎಂದು ಓದಿದೆ. ಆ ವರ್ಷ ಪೂರ್ತಿ ಅದೇ ನನ್ನ ಹೆಸರಾಯಿತು. "ಮಂಜೇಶ್ವರದ ಗೋವಿಂದ ಪೈಗಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಭಾಷೆ ಬರುತ್ತಿತ್ತು, ನಿಮಗೆ ಒಂದು ಇಂಗ್ಲಿಷ್ ಬರುವುದಿಲ್ಲ," ಎಂದು ಆ ಮೇಷ್ಟ್ರು ಹೇಳುತ್ತಿದ್ದರು. ಪಾಪ, 1949ರಲ್ಲಿ ರಾಷ್ಟ್ರಕವಿಯಾದ ಪೈಗಳಿಗೆ ತಮ್ಮ ಹೆಸರು ಮಕ್ಕಳಿಗೆ ಬೆತ್ತವಾಗಿ ಬಳಕೆಯಾಗುತ್ತದೆ ಎಂದು ಗೊತ್ತಿದ್ದರೆ ಎರಡು ಭಾಷೆ ಕಡಿಮೆ ಕಲಿಯುತ್ತಿದ್ದರೋ ಏನೋ.

ಆದರೆ ಅದೇ ಹೊತ್ತಿಗೆ ನಾನು ಇನ್ನೊಂದು ಲಿಪಿ ಓದಲು ಕಲಿತಿದ್ದೆ. ಯಾರೂ ಕಲಿಸದೆ. ಬಸ್ಸಿನ ಬೋರ್ಡಿನಿಂದ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಬೋರ್ಡುಗಳಿಗೆ ಮಲಯಾಳ ಬಂತು. ನಮಗೆ ಆ ಅಕ್ಷರ ಶಾಲೆಯಲ್ಲಿ ಇರಲಿಲ್ಲ. ಆದರೆ ಬೆಳಗ್ಗಿನ ಮೊದಲ ಬಸ್ಸು ಕಾಸರಗೋಡಿಗೆ ಹೋಗುವುದು ಎಂದು ಗೊತ್ತಿತ್ತು. ಹಾಗಾಗಿ ಅದರ ಹಣೆಯ ಮೇಲಿರುವ ಜಿಲೇಬಿ ಸಾಲು 'ಕಾಸರಗೋಡು' ಎಂದೇ ಇರಬೇಕು. ಕುಂಬಳೆ ಬಸ್ಸಿನಲ್ಲೂ 'ಕ' ಇರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ 'ಕ' ಸಿಕ್ಕಿತು. ಬದಿಯಡ್ಕದಲ್ಲಿ 'ಬ' ಸಿಕ್ಕಿತು. ಎರಡು ಮಳೆಗಾಲದಲ್ಲಿ ರೇಷನ್ ಕಾರ್ಡು ಓದುವಷ್ಟು ಬಂತು. ಊರು ಮೊದಲು ಗೊತ್ತಿತ್ತು, ಅಕ್ಷರ ಆಮೇಲೆ ಬಂತು. ಇಂಗ್ಲಿಷಿನಲ್ಲಿ ನಮಗೆ ಮಾಡಿದ್ದು ಇದರ ಉಲ್ಟಾ. ಅಕ್ಷರ ಕೊಟ್ಟರು, ಸ್ಪೆಲ್ಲಿಂಗ್ ಕೊಟ್ಟರು, ಊರನ್ನು ಮಾತ್ರ ತೋರಿಸಲಿಲ್ಲ.

ಈ ವಿಷಯದಲ್ಲಿ ನಡೆದ ಒಂದು ಹಳೆಯ ಅಧ್ಯಯನದ ಬಗ್ಗೆ ಓದಿ ನನಗೆ ಬಹಳ ಖುಷಿಯಾಯಿತು. 1979ರದ್ದು. ಮಾರ್ಗರೆಟ್ ಸ್ಟೆಫೆನ್ಸನ್, ಚಿತ್ರಾ ಜೋಗ್-ದೇವ್, ರಿಚರ್ಡ್ ಆಂಡರ್ಸನ್ ಎಂಬ ಮೂವರು ಮಾಡಿದ್ದು. ಎರಡು ಪತ್ರ ಬರೆದರು. ಒಂದರಲ್ಲಿ ಅಮೆರಿಕದ ಮದುವೆ, ಇನ್ನೊಂದರಲ್ಲಿ ಭಾರತದ ಮದುವೆ. ಎರಡೂ ಇಂಗ್ಲಿಷಿನಲ್ಲೇ. ಅಮೆರಿಕದವರಿಗೂ ಭಾರತದವರಿಗೂ ಎರಡನ್ನೂ ಓದಲು ಕೊಟ್ಟರು. ತಮ್ಮ ಕಡೆಯ ಮದುವೆಯ ಪತ್ರವನ್ನು ಎಲ್ಲರೂ ಬೇಗ ಓದಿದರು. ನೆನಪಿಟ್ಟುಕೊಂಡದ್ದೂ ಅದನ್ನೇ ಜಾಸ್ತಿ. ಬೇರೆಯವರ ಮದುವೆಯನ್ನು ಮಾತ್ರ ತಮ್ಮ ಅಳತೆಗೆ ಕತ್ತರಿಸಿ ಹೊಲಿದುಕೊಂಡರು. ಅಮೆರಿಕದ ಮದುಮಗಳು ಅಜ್ಜಿಯ ಮದುವೆ ಉಡುಪು ತೊಟ್ಟಿದ್ದಳು. ಅಲ್ಲಿಯವರಿಗೆ ಅದು ಪ್ರೀತಿಯ ವಿಷಯ. ಭಾರತದ ಒಬ್ಬ ಓದುಗನಿಗೆ ನೆನಪಿದ್ದದ್ದು ಉಡುಪು ತೀರಾ ಹಳೆಯದು, ಫ್ಯಾಷನ್ ಹೋದದ್ದು ಎಂದು.

ಇದನ್ನು ಅತ್ತೆಗೆ ಹೇಳಿದೆ. ಅವರು ಹಲಸಿನ ಹಪ್ಪಳ ಕಾಯಿಸುತ್ತಿದ್ದರು. "ಅಜ್ಜಿಯದ್ದನ್ನು ಉಟ್ಟಳಾ? ಯಾಕೆ, ಹೊಸ ಸೀರೆ ತೆಗೆಯುವ ಗತಿ ಇರಲಿಲ್ಲವಾ ಅವರಿಗೆ?" ಎಂದರು. 1979ರಲ್ಲಿ ಬಂದ ಉತ್ತರವೇ ನಮ್ಮ ಅಡಿಗೆಮನೆಯಲ್ಲೂ ಬಂತು. ತಮಾಷೆ ಎಂದರೆ ಅತ್ತೆಯ ಪೆಟ್ಟಿಗೆಯಲ್ಲಿ ಅವರ ಧಾರೆ ಸೀರೆ ಈಗಲೂ ಇದೆ. ನುಸಿಗುಳಿಗೆಯ ನಡುವೆ, ಬಿಳಿ ಪಂಚೆಯಲ್ಲಿ ಸುತ್ತಿ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿಡುತ್ತಾರೆ. "ಅದನ್ನು ಮೊಮ್ಮಗಳು ಉಟ್ಟರೆ?" ಎಂದು ಕೇಳಿದೆ. ಹಪ್ಪಳ ಮಗುಚುವುದನ್ನು ಬಿಟ್ಟು ನನ್ನ ಮುಖ ನೋಡಿದರು. "ಹಾಗೆ ಹೇಳಿದರೆ ಬೇರೆ," ಎಂದರು. ಒಂದು ಹಪ್ಪಳ ಕರಟಿತು.

ಹೀಗೆ ಶುರುವಾಯಿತು ನಮ್ಮ ಸಂಜೆಯ ಓದು. ದಿನಕ್ಕೆ ಇಪ್ಪತ್ತೇ ನಿಮಿಷ. ಶಿಸ್ತು ಗಿಸ್ತು ಎಂದೇನಿಲ್ಲ. ಮೊದಲು ಓದಬೇಕಾದದ್ದು ಯಾವುದರ ಬಗ್ಗೆ ಎಂದು ಕನ್ನಡದಲ್ಲೇ ಮಾತಾಡುವುದು. ಮಾವ, ಅತ್ತೆ, ಯಾರಿಗೆ ಏನು ಗೊತ್ತೋ ಹೇಳುವುದು. ಆಮೇಲೆ ಮಗಳು ಒಮ್ಮೆ ನಿಲ್ಲಿಸದೆ ಓದುತ್ತಾಳೆ. ಮನಸ್ಸಿನಲ್ಲೇ. ಗಟ್ಟಿಯಾಗಿ ಓದುವುದನ್ನು ನಮ್ಮ ಮನೆಯಲ್ಲಿ ನಾನು ನಿಷೇಧಿಸಿದ್ದೇನೆ, ಕಾರಣ ಮೇಲೆ ಹೇಳಿದೆ. ಗೊತ್ತಿಲ್ಲದ ಶಬ್ದಕ್ಕೆ ಪೆನ್ಸಿಲಿನಲ್ಲಿ ಗೆರೆ. ಮೊಬೈಲು ಮುಟ್ಟುವ ಮೊದಲು ಅದೇನಿರಬಹುದು ಎಂದು ಊಹೆ. ಊಹೆ ತಪ್ಪಿದರೂ ಪರವಾಗಿಲ್ಲ, ತಪ್ಪಿದ ಶಬ್ದ ಆಮೇಲೆ ಮರೆತುಹೋಗುವುದಿಲ್ಲ.

ಆದರೆ ಊಹೆಗೂ ಒಂದು ಮಿತಿ ಇದೆ. ನ್ಯೂಜಿಲೆಂಡಿನ ಪಾಲ್ ನೇಶನ್ ಎಂಬವರು ಶಬ್ದಗಳ ಲೆಕ್ಕದ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ನೂರಕ್ಕೆ 98 ಶಬ್ದ ಗೊತ್ತಿರಬೇಕು ಎಂದು ಅವರ ಲೆಕ್ಕ. ಅಂದರೆ ಐವತ್ತಕ್ಕೆ ಒಂದೇ ಹೊಸ ಶಬ್ದ. 250 ಶಬ್ದದ ಪುಟದಲ್ಲಿ ಐದು. ಮಗಳ ಆ ಹಾಳೆಯಲ್ಲಿ ಒಂದು ದಿನ ಎಣಿಸಿದೆ. 31 ಗೆರೆ! ಅದು ಓದುವುದಲ್ಲ, ಕಲ್ಲು ಅಕ್ಕಿಯಲ್ಲಿ ಅಕ್ಕಿ ಹೆಕ್ಕುವುದು. ಮಕ್ಕಳಿಗೆ ಓದಿನ ಮೇಲೆ ಬೇಸರ ಬಂತು ಎನ್ನುತ್ತೇವೆ. ಹಲ್ಲಿಗೆ ದಿನಾ ಕಲ್ಲು ಸಿಕ್ಕರೆ ಅನ್ನದ ಮೇಲೂ ಬೇಸರ ಬರುತ್ತದೆ, ಅಲ್ವಾ? ಹಾಗಾಗಿ ಈಗ ಎರಡು ಕ್ಲಾಸು ಕೆಳಗಿನ ಪುಸ್ತಕದಿಂದ ಶುರು ಮಾಡಿದ್ದೇವೆ. ಅವಳಿಗೆ ಮೊದಮೊದಲು ನಾಚಿಕೆಯಾಯಿತು. ಮುಖಪುಟಕ್ಕೆ ಪೇಪರಿನ ಹೊದಿಕೆ ಹಾಕಿಕೊಂಡಳು. ಸಮಸ್ಯೆ ಮುಗಿಯಿತು.

ಮನೆಯ ವಿಷಯದ ಕಥೆಗಳು ಸುಲಭ ಎಂದುಕೊಂಡಿದ್ದೆ. ಅಲ್ಲಿ ಬೇರೆಯೇ ಗೋಜಲು. ಒಂದು ಕಥೆಯಲ್ಲಿ 'ಅಂಕಲ್' ಬಂದ. ಮಗಳಿಗೆ ಮುಂದೆ ಹೋಗಲು ಮನಸ್ಸಿಲ್ಲ. "ಯಾವ ಅಂಕಲ್? ದೊಡ್ಡಪ್ಪನಾ, ಅಪ್ಪಚ್ಚಿಯಾ, ಸೋದರಮಾವನಾ?" ಕಥೆ ಬರೆದವನಿಗೆ ಅದು ಬೇಕಾಗಿಲ್ಲ. ನಮಗೆ ಅದು ಗೊತ್ತಾಗದೆ ಆ ಮನುಷ್ಯ ಜಗಲಿಯಲ್ಲಿ ಕೂರುತ್ತಾನೋ ಸೀದಾ ಅಡಿಗೆಮನೆಗೆ ಬರುತ್ತಾನೋ ಎಂದೇ ತಿಳಿಯುವುದಿಲ್ಲ. ಅಪ್ಪಚ್ಚಿ ಎಂದರೆ ಅಪ್ಪನ ತಮ್ಮ, ಹೊರಗಿನವರಿಗಾಗಿ ಹೇಳುತ್ತಿದ್ದೇನೆ. ಈ ಕಡೆಯಿಂದ ಆ ಕಡೆಗೆ ಹೋದರೂ ಅದೇ ಕಥೆ. 'ಮಾವ' ಎಂದು ಈ ಬರಹದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇಂಗ್ಲಿಷಿಗೆ ಹಾಕುವವನು ಒಮ್ಮೆ ಅಮ್ಮನ ತಮ್ಮ ಎಂದು ಹಾಕಿಯಾನು, ಒಮ್ಮೆ ಗಂಡನ ಅಪ್ಪ ಎಂದು ಹಾಕಿಯಾನು. ಇನ್ನು 'ಕಸಿನ್' ಬಗ್ಗೆ ಹೇಳುವುದೇ ಬೇಡ. ದೊಡ್ಡಪ್ಪನ ಮಗ ಅಣ್ಣ, ಸೋದರಮಾವನ ಮಗ ಭಾವ. ಭಾವನನ್ನು ತಮಾಷೆ ಮಾಡಬಹುದು. ಅಣ್ಣನ ಹತ್ತಿರ ಅದು ನಡೆಯುವುದಿಲ್ಲ. ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿದರೆ ಮದುವೆಮನೆಯ ಅರ್ಧ ನಗು ಹೋಯಿತು.

ಆದರೆ ನಮಗಿಂತ ಬೇಗ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ಅವಳ ಜೊತೆ ಓದಲು ಬರುವ ಹುಡುಗಿಯದ್ದು ಅಳಿಯಕಟ್ಟಿನ ಮನೆ. ಒಂದು ಇಂಗ್ಲಿಷ್ ಕಥೆಯಲ್ಲಿ ಮಕ್ಕಳಿಲ್ಲದ ಮುದುಕ ತನ್ನ ಆಸ್ತಿಯನ್ನು 'ನೆಫ್ಯೂ'ಗೆ ಬರೆಯುತ್ತಾನೆ. ನಮ್ಮವಳಿಗೆ ಅದು ದೊಡ್ಡ ತಿರುವು. ಆ ಹುಡುಗಿ ಹೇಳಿದಳು, "ತಂಗಿಯ ಮಗನಿಗೆ ಅಲ್ಲದೆ ಮತ್ತೆ ಯಾರಿಗೆ ಕೊಡುವುದು?" ಅವಳ ಅಜ್ಜನ ಕಾಲದವರೆಗೆ ಸೋದರಮಾವನ ಆಸ್ತಿ ಸೋದರಳಿಯನಿಗೇ ಹೋಗುತ್ತಿತ್ತು. ಒಂದೇ ಕಥೆ, ಒಂದೇ ಜಗಲಿ, ಒಬ್ಬಳಿಗೆ ಆಶ್ಚರ್ಯ, ಇನ್ನೊಬ್ಬಳಿಗೆ ದಿನಚರಿ.

ವಿಜ್ಞಾನದ ಬರಹ ಇದಕ್ಕಿಂತ ಸಲೀಸು ಎಂದು ಈಗ ನನ್ನ ಅಭಿಪ್ರಾಯ. ಶಬ್ದ ಕಷ್ಟ, ಆದರೆ ವಸ್ತು ಕಣ್ಣೆದುರಿಗೇ ಇರುತ್ತದೆ. ಕೊಳೆರೋಗ ಬಾರದ ಹಾಗೆ ಅಡಿಕೆಗೆ ಬಿಡುವ, ಅಂದರೆ ಸಿಂಪಡಿಸುವ, ಬೋರ್ಡೋ ದ್ರಾವಣ ಮಾಡುವ ಬಗ್ಗೆ ಒಂದು ಇಂಗ್ಲಿಷ್ ಕೈಪಿಡಿ ಮನೆಯಲ್ಲಿತ್ತು. ಅದನ್ನೇ ಓದಿದೆವು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಇಲ್ಲಿಯವರೆಗೆ ಸರಾಗ. ಆಮೇಲೆ ಬಂತು ಒಂದು ಸಾಲು. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗಿನ 'ಡಿಪಾಸಿಟ್' ಕಂಡರೆ ಇನ್ನಷ್ಟು ಸುಣ್ಣ ಸೇರಿಸಿ. ಮಗಳು ನಿಂತಳು. ಅವಳಿಗೆ ಗೊತ್ತಿರುವ ಡಿಪಾಸಿಟ್ ಸೊಸೈಟಿಯಲ್ಲಿ ಇಡುವಂಥದ್ದು.

"ಚಾಕುವಿನ ಮೇಲೆ ಹೇಗೆ ಅಜ್ಜಾ ಡಿಪಾಸಿಟ್ ಇಡುವುದು?"

ಮಾವ ನಕ್ಕು ನಕ್ಕು ಕೆಮ್ಮಿದರು. "ಕತ್ತಿಗೆ ತಾಮ್ರ ಹಿಡಿಯುತ್ತದೆ ಮಗಾ. ಸುಣ್ಣ ಕಡಿಮೆಯಾದರೆ. ಆ ಮದ್ದು ಬಿಟ್ಟರೆ ಹಿಂಗಾರದ ಹೂವೇ ಸುಟ್ಟುಹೋಗುತ್ತದೆ." ಅವರು ಪ್ರತಿ ವರ್ಷ ಮದ್ದು ಕಲಸುವಾಗ ಮಾಡುವ ಪರೀಕ್ಷೆಯೇ ಅದು. ಆಗ ಮಗಳಿಗೆ ತನ್ನ ವಿಜ್ಞಾನ ಪುಸ್ತಕ ನೆನಪಾಯಿತು. ತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆ ಕೆಂಪಾಗುತ್ತದೆ, ನೀಲಿ ನೀರು ಮಾಸುತ್ತದೆ. ಕಬ್ಬಿಣ ತುತ್ತಿನಲ್ಲಿರುವ ತಾಮ್ರವನ್ನು ಹೊರಗೆ ತಳ್ಳಿ ತಾನು ನೀರಿಗೆ ಇಳಿಯುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಮೊಳೆಯೂ ಅಜ್ಜನ ಕತ್ತಿಯೂ ಒಂದೇ ಎಂದು ಅವಳಿಗೆ ಹೊಳೆದದ್ದು ಒಂದು ಇಂಗ್ಲಿಷ್ ಸಾಲಿನಲ್ಲಿ ಎಡವಿದಾಗ. ಹಾಗೆ ಎಡವುವುದು ಒಳ್ಳೆಯದೇ.

ಇಷ್ಟು ಹೇಳಿ ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾದೀತು. ನಮಗೆ ಗೊತ್ತಿರುವುದು ಕೈ ಹಿಡಿದು ನಡೆಸುತ್ತದೆ, ನಿಜ. ಕೆಲವು ಸಲ ಸೀದಾ ಹೊಂಡಕ್ಕೂ ನಡೆಸುತ್ತದೆ. ಐರ್ಲೆಂಡಿನ ಬಗ್ಗೆ ಮತ್ತೂ ಓದುವಾಗ ಹೀಗೇ ಆಯಿತು. ಅಲ್ಲಿಯ ಹಸಿವಿಗೆ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ 'ಇಂಡಿಯನ್ ಕಾರ್ನ್' ತರಿಸಿದ ಎಂದು ಬಂತು. ಮಗಳು ಎದ್ದು ನಿಂತಳು. "ಅಜ್ಜಾ, ನಾವು ಕಳಿಸಿದ್ದು! ಇಂಡಿಯಾದಿಂದ!" ಮಾವನಿಗೂ ಹೆಮ್ಮೆ. ಒಂದು ಪುಟ ಮುಂದೆ ಹೋದ ಮೇಲೆ ಗೊತ್ತಾಯಿತು, ಅದು ಬಂದದ್ದು ಅಮೆರಿಕದಿಂದ. ಮೆಕ್ಕೆಜೋಳ. ಅಲ್ಲಿಯ ಮೂಲನಿವಾಸಿಗಳನ್ನು ಇಂಡಿಯನ್ ಎಂದು ಕರೆದದ್ದರ ಬಾಲ. ನಮ್ಮ ಹೆಮ್ಮೆ ಆಯುಷ್ಯ ಕಡಿಮೆಯಿದ್ದ ಮಗುವಿನ ಹಾಗೆ ಹೋಯಿತು.

ಆದರೆ ಮಾವ ಅಷ್ಟಕ್ಕೇ ಬಿಡಲಿಲ್ಲ. ಐರ್ಲೆಂಡಿನವರಿಗೆ ಆ ಜೋಳವನ್ನು ಬೇಯಿಸುವುದು ಹೇಗೆಂದೇ ಗೊತ್ತಿರಲಿಲ್ಲ. ಅದರ ಹಳದಿ ಬಣ್ಣ ನೋಡಿ 'ಪೀಲನ ಗಂಧಕ' ಎಂದು ಹೆಸರಿಟ್ಟರು. ಇದನ್ನು ಕೇಳಿ ಮಾವ ತಾವು ಚಿಕ್ಕವರಿದ್ದಾಗ ರೇಷನ್ನಿನಲ್ಲಿ ಅಕ್ಕಿಯ ಬದಲು ಗೋಧಿ ಕೊಟ್ಟ ಕಥೆ ಹೇಳಿದರು. ಅವರ ಅಮ್ಮ ಅದನ್ನು ಅಕ್ಕಿಯ ಹಾಗೆ ಬೇಯಿಸಿ ಗಂಜಿ ಮಾಡಿದರಂತೆ. ಮೂರು ಗಂಟೆ ಒಲೆ ಉರಿದರೂ ಬೇಯಲಿಲ್ಲವಂತೆ. "ಹಸಿವು ಇತ್ತು, ಗೋಧಿಯೂ ಇತ್ತು, ತಿನ್ನಲಿಕ್ಕೆ ಮಾತ್ರ ಆಗಲಿಲ್ಲ," ಎಂದರು. ಪಾಠದಲ್ಲಿ ಅರ್ಧ ಸಾಲಿದ್ದ ವಿಷಯ. ಆ ಅರ್ಧ ಸಾಲು ಮಗಳಿಗೆ ಇನ್ನು ಮರೆಯಲಿಕ್ಕಿಲ್ಲ.

"ಅಷ್ಟಕ್ಕೂ ಅವರು ಹೊತ್ತಿಗೆ ಸರಿಯಾಗಿ ಮದ್ದು ಬಿಡಬೇಕಿತ್ತು," ಎಂದು ಮಾವ ತೀರ್ಪು ಕೊಟ್ಟರು. ಅದಕ್ಕೂ ಪಾಪ ಐರ್ಲೆಂಡಿನವರನ್ನು ದೂರುವ ಹಾಗಿಲ್ಲ. ಬೋರ್ಡೋ ಮದ್ದಿನ ವಿಷಯ ಫ್ರಾನ್ಸಿನ ಮಿಲಾರ್ಡೆ ಪ್ರಕಟಿಸಿದ್ದೇ 1885ರಲ್ಲಿ. ಕ್ಷಾಮ ಬಂದು 40 ವರ್ಷದ ನಂತರ. ಅದೂ ಹೇಗೆ? ಬೋರ್ಡೋ ಹತ್ತಿರದ ರೈತರು ದಾರಿ ಬದಿಯ ದ್ರಾಕ್ಷಿಯನ್ನು ಯಾರೂ ಕದಿಯದಿರಲಿ ಎಂದು ತುತ್ತು ಸುಣ್ಣ ಎರಚುತ್ತಿದ್ದರು. ನೋಡಿದರೆ ವಿಷದ ಹಾಗೆ ಕಾಣಬೇಕು ಅಂತ. ಹಾಗೆ ಎರಚಿದ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ಡೆ ಅದನ್ನು ಗಮನಿಸಿದ. ಮಾವನಿಗೆ ಈ ಕಥೆ ಎಷ್ಟು ಹಿಡಿಸಿತೆಂದರೆ ಮರುದಿನ ಬಂದ ಅಡಿಕೆ ವ್ಯಾಪಾರಿಗೂ ಹೇಳಿದರು, ಸೊಸೈಟಿಯಲ್ಲೂ ಹೇಳಿದರು. "ಕಳ್ಳರಿಗೆ ಅಂತ ಹಾಕಿದ್ದು, ಕೊಳೆಗೆ ತಾಗಿತು!"

ಒಂದು ಶಬ್ದದ ವಿಷಯ ಹೇಳಬೇಕು. ಇದು ಮಗಳದ್ದಲ್ಲ, ನನ್ನದು.

ಶಾಲೆಯಲ್ಲಿ 'ಪರ್ಸಿಸ್ಟೆಂಟ್' ಎಂಬ ಶಬ್ದ ಕಲಿತಿದ್ದೆ. ಪಟ್ಟು ಹಿಡಿದ, ಬಿಡದೆ ಮಾಡುವ. ಒಳ್ಳೆಯ ಗುಣ. ವಾಕ್ಯ ರಚಿಸಿ ಎಂದರೆ 'ಆಕೆ ಪರ್ಸಿಸ್ಟೆಂಟ್ ವಿದ್ಯಾರ್ಥಿನಿ' ಎಂದು ಬರೆಯುತ್ತಿದ್ದೆವು. ಆ ಶಬ್ದ ನನಗೆ ಮತ್ತೆ ಸಿಕ್ಕಿದ್ದು 2011ರ ಏಪ್ರಿಲಿನಲ್ಲಿ. ಮಗಳು ಆಗ ಕೈಗೂಸು. ತವರಿನಲ್ಲಿದ್ದೆ. ಜಿನೀವಾದಲ್ಲಿ ಒಂದು ಸಭೆ ನಡೆಯುತ್ತಿತ್ತು. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಪರ್ಸಿಸ್ಟೆಂಟ್ ವಿಷಗಳ ಪಟ್ಟಿಗೆ ಸೇರಿಸಬೇಕೇ ಎಂದು. ಕನ್ನಡ ಪೇಪರಿನಲ್ಲಿ ಬಂದದ್ದು ನನಗೆ ಸಾಲುತ್ತಿರಲಿಲ್ಲ. ಅಣ್ಣ ಪೆರ್ಲ ಪೇಟೆಯಿಂದ ಇಂಗ್ಲಿಷ್ ಪೇಪರ್ ತರುತ್ತಿದ್ದ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೆ. ನಾನು ಒಂದು ಅಕ್ಷರ ಬಿಡದೆ ಓದಿದ ಮೊದಲ ಇಂಗ್ಲಿಷ್ ಅದು.

ಯಾಕೆಂದರೆ ಅದು ನಮ್ಮ ಗುಡ್ಡದ ಕಥೆ. ಸುಮಾರು ಎರಡು ದಶಕ, 2000ದವರೆಗೆ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಮದ್ದನ್ನು ಸುರಿದಿದ್ದರು. ಮಕ್ಕಳಾಗಿದ್ದ ನಾವು ಹೆಲಿಕಾಪ್ಟರ್ ನೋಡಲು ಓಡಿ ಗುಡ್ಡ ಹತ್ತುತ್ತಿದ್ದೆವು. ಕೈ ಬೀಸುತ್ತಿದ್ದೆವು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಹರಿದು ಬರುವ ನೀರು ಅಂಗಳದ ಬದಿಯ ತೆರೆದ ತೊಟ್ಟಿಗೆ ಬೀಳುತ್ತಿತ್ತು. ಆ ನೀರನ್ನೇ ಕುಡಿಯುತ್ತಿದ್ದೆವು. ಪೇಪರಿನಲ್ಲಿ 'ಪರ್ಸಿಸ್ಟೆಂಟ್' ಎಂಬಲ್ಲಿ ನನ್ನ ಬೆರಳು ನಿಂತಿತು. ಮಣ್ಣಿನಲ್ಲಿ, ನೀರಿನಲ್ಲಿ, ಮೈಯಲ್ಲಿ ಬೇಗ ಕರಗದೆ ಉಳಿಯುವ ಎಂದು ಅರ್ಥ. ಪಟ್ಟು ಹಿಡಿದು ಕೂತ. ಅದೇ ಶಬ್ದ. ವಾಕ್ಯ ರಚಿಸಿ ಎಂದರೆ ಏನು ಬರೆಯಬೇಕೆಂದು ಗೊತ್ತಾಗದೆ ಮಗುವಿನ ಕಾಲಿನ ಬೆರಳುಗಳನ್ನು ಎಣಿಸಿದೆ. ಹತ್ತಿತ್ತು. ಮತ್ತೊಮ್ಮೆ ಎಣಿಸಿದೆ.

ಆ ಸಭೆಯಲ್ಲಿ ಎಂಡೋಸಲ್ಫಾನ್ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು. ಆ ಸುದ್ದಿಯನ್ನೂ ಇಂಗ್ಲಿಷಿನಲ್ಲೇ ಓದಿ, ಅಪ್ಪನಿಗೂ ಅಮ್ಮನಿಗೂ ಕನ್ನಡದಲ್ಲಿ ಹೇಳಿದೆ. ಅಮ್ಮ ಏನೂ ಹೇಳದೆ ಎದ್ದು ದನದ ಹಟ್ಟಿಗೆ ಹೋದರು.

ಇಂಗ್ಲಿಷ್ ಬೇಕಾ ಕನ್ನಡ ಬೇಕಾ ಎಂದು ನಮ್ಮ ಗಡಿನಾಡಿನಲ್ಲಿ ನಡೆಯುವ ಜಗಳ ನನಗೆ ಆವತ್ತಿನಿಂದ ಅಷ್ಟಾಗಿ ಅರ್ಥವಾಗುವುದಿಲ್ಲ. ನನಗೆ ಆ ಪೇಪರು ಓದಲು ಇಂಗ್ಲಿಷ್ ಬೇಕಿತ್ತು. ಓದಿದ್ದು ಒಳಗೆ ಇಳಿಯಲು ಗುಡ್ಡ, ಸುರಂಗ, ಹಟ್ಟಿ ಎಲ್ಲ ಬೇಕಿತ್ತು, ಅವು ನನ್ನಲ್ಲಿ ಕನ್ನಡದಲ್ಲೇ ಇದ್ದವು. ಮಗುವನ್ನು ಮೂರು ವರ್ಷಕ್ಕೇ ಹಳದಿ ಬಸ್ಸು ಹತ್ತಿಸಿ, ಮನೆಯಲ್ಲೂ ಅರ್ಧಂಬರ್ಧ ಇಂಗ್ಲಿಷ್ ಮಾತಾಡಿದರೆ ಓದು ಬರುತ್ತದೆ ಎಂದು ನಂಬಿದವರು ನೆರೆಕರೆಯಲ್ಲಿ ತುಂಬ ಜನ. ಆ ಮಕ್ಕಳು ಸರಾಗವಾಗಿ ಓದುತ್ತಾರೆ, ಸುಳ್ಳಲ್ಲ. 'ಏನು ಹೇಳಿದ್ದಾರೆ ಅದರಲ್ಲಿ?' ಎಂದು ಸುಮ್ನೆ ಕೇಳಿ ನೋಡಿ.

ಆಗಸ್ಟಿನ ಒಂದು ಭಾನುವಾರ ಮಗಳು ಶಬ್ದಗಳ ಹುಟ್ಟು ಹುಡುಕುವ ಆಟ ಹಚ್ಚಿಕೊಂಡಳು. ಡಿಕ್ಷನರಿಯಲ್ಲಿ ಮರ, ಕಾಯಿ, ಹಗ್ಗ ಎಂದು ಹುಡುಕಿದ ಕಡೆಯೆಲ್ಲ ಮಲಯಾಳ ಸಿಗುತ್ತಿತ್ತು. ಕಯರ್ ಎಂಬ ಹುರಿಯಿಂದ ಕಾಯಿರ್. ತೇಕ್ಕು ಎಂಬ ಸಾಗುವಾನಿಯಿಂದ ಟೀಕ್. ವೆತ್ತಿಲ ಎಂಬ ವೀಳ್ಯದೆಲೆಯಿಂದ ಬೀಟಲ್, ಅಡಕ್ಕ ಎಂಬ ಅಡಿಕೆಯಿಂದ ಅರೆಕಾ. ಚಕ್ಕ ಎಂದರೆ ಹಲಸು, ಅದು ಪೋರ್ಚುಗೀಸರ ಬಾಯಿಯಲ್ಲಿ ಜಾಕ ಆಗಿ, ಇಂಗ್ಲಿಷರ ಬಾಯಿಯಲ್ಲಿ ಜಾಕ್ ಆಯಿತು. ಅವಳು ಒಂದೊಂದನ್ನೇ ಓದಿ ಹೇಳುತ್ತಿದ್ದಳು. ಅತ್ತೆ ಪ್ರತಿಯೊಂದಕ್ಕೂ "ಅದು ನಮ್ಮದೇ ಅಲ್ಲದಾ" ಎನ್ನುತ್ತಿದ್ದರು, ಇಂಗ್ಲಿಷಿನವರು ಕಡ ತೆಗೆದುಕೊಂಡು ಹೋಗಿ ವಾಪಸು ಕೊಡದ ಪಾತ್ರೆಗಳನ್ನು ಎಣಿಸುವ ಹಾಗೆ.

ಆವತ್ತೇ ನಾನು ಮೊಬೈಲಿನಲ್ಲಿ ಅಡಿಕೆಯ ಕೊಳೆಯ ಬಗ್ಗೆ ಹುಡುಕುತ್ತಾ ಲೆಸ್ಲಿ ಕೋಲ್‌ಮನ್ ಎಂಬವನ ಹೆಸರಿಗೆ ಬಂದಿದ್ದೆ. ಕೆನಡಾದಿಂದ ಮೈಸೂರು ಸರಕಾರದ ಕೆಲಸಕ್ಕೆ ಬಂದ ವಿಜ್ಞಾನಿ. ಅಡಿಕೆಯ ಈ ರೋಗದ ಬಗ್ಗೆ 1910ರಲ್ಲಿ ಬರೆದಿದ್ದಾನೆ. ಆ ಬರಹದ ಹೆಸರನ್ನು ದೊಡ್ಡದು ಮಾಡಿ ಮಾವನ ಕೈಗೆ ಮೊಬೈಲು ಕೊಟ್ಟೆ. ಮಾವನಿಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳು ಗೊತ್ತು, ಗೋಣಿಚೀಲದ ಮೇಲೆ ಬರೆದದ್ದನ್ನು ನೋಡಿ ನೋಡಿ. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಹೇಳತೊಡಗಿದರು. "ಕೆ... ಒ... ಎಲ್... ಇ..." ಮಗಳು ಬಾಯಿ ಬಿಡಲು ಹೊರಟಳು. ನಾನು ಸನ್ನೆ ಮಾಡಿದೆ. "ಆರ್... ಒ... ಜಿ... ಎ."

ಸ್ವಲ್ಪ ಹೊತ್ತು ಹಾಗೇ ನೋಡಿದರು.

"ಇದು ಕೊಳೆರೋಗ ಅಂತ ಬರೆದದ್ದಲ್ಲವಾ?"

"ಹೌದು ಮಾವ."

"ಅದು ಸರಿ. ಇಂಗ್ಲಿಷಿನಲ್ಲಿ ಎಂತ ಹೇಳುತ್ತಾರೆ ಇದಕ್ಕೆ?"

"ಇದನ್ನೇ ಹೇಳುವುದು. ಕೊಳೆರೋಗ ಅಂತಲೇ."

ಮಾವ ಭೂತಗನ್ನಡಿಯನ್ನು ಕೆಳಗಿಟ್ಟರು. ಮೊಬೈಲಿನ ಬೆಳಕು ಆರಿತು. ಹೊರಗೆ ಮಳೆ ನಿಂತು, ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಅದು ಅವರಿಗೆ ಇಷ್ಟವಾಗದ ಬಿಸಿಲು. ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ತೆಗೆದುಕೊಂಡು ಎದ್ದರು.

"ಮದ್ದು ಬಿಡುವವನಿಗೆ ಒಂದು ಫೋನ್ ಮಾಡು," ಎಂದರು. "ನಾಳೆ ಮಳೆ ಹೊಳವಾದರೆ ಬೇಗ ಬರಲಿ. ತುತ್ತು ನಾನು ಇವತ್ತೇ ತಂದಿಡುತ್ತೇನೆ."